ಕೆಳಗಿನ ಹಲಗೆ

ಎತೇರಿ ತಂದದ್ದು ಕಿತ್ತಳೆಯ ಪೆಟ್ಟಿಗೆಯಲ್ಲಿ,
ಮೇಲೊಂದು ಹಳೆಯ ಶಾಲು, ಶಾಲಿನ ಮೇಲೆ ಅವಳ ಎರಡೂ ಕೈ.
"ಗ್ಯಾರೇಜಿನ ಲಾರಿಯೊಳಗೆ ಸಿಕ್ಕವು,
ಇಂಜಿನ್ನಿನ ಬಿಸಿಗೆ ಅಂಟಿಕೊಂಡಿದ್ದವು.
ಮೂರಿದ್ದವು," ಅಂದಳು.
ಪೆಟ್ಟಿಗೆಯೊಳಗೆ ಎರಡು.

ಆಮೇಲೆ ಆಜ್ಞೆಗಳು, ಮೆಟ್ಟಿಲಿಳಿಯುತ್ತಲೇ:
ಒಂದೇ ಕೋಣೆ, ಕದ ಮುಚ್ಚಿರಲಿ.
ಹಾಲು ಬೇಡ, ಹೊಟ್ಟೆ ಕೆಡುತ್ತದೆ.
ಮರಳಿನ ತಟ್ಟೆ ಊಟದಿಂದ ದೂರವಿರಲಿ.
ಎತ್ತಿಕೊಳ್ಳಬೇಡ, ಅವೇ ಬರಬೇಕು.
ಮತ್ತೆ ಅಂಗಳದಿಂದ, ಒಗೆದ ಬಟ್ಟೆಗಳ ನಡುವೆ ತಲೆಯೆತ್ತಿ:
"ಒತಿಯಾ, ಸುಮ್ಮನಿರುವುದು ನಿನಗೆ ಬರುತ್ತದೆ,
ಅದಕ್ಕೇ ನಿನಗೆ ಕೊಟ್ಟೆ."

ಶಾಲು ತೆಗೆದೆ.
ನೆಲದ ಮೇಲೆ ಯಾರೋ ಎರಡು ಬೂದು ಗೆರೆ ಎಳೆದಂತಾಯಿತು,
ಗೆರೆಗಳು ಹೋಗಿ ನಿಂತದ್ದು ಪಿಯಾನೋದ ಹೊಟ್ಟೆಯಲ್ಲಿ.
ಪೆಡಲಿನ ಸರಳು ಸರಿಮಾಡಲೆಂದು
ಕೆಳಗಿನ ಹಲಗೆ ಬಿಚ್ಚಿಟ್ಟು ಎರಡು ವರ್ಷ.
ಕುತಾಯಿಸಿಯ ಎಲ್ಲರ ಪಿಯಾನೋಗೂ ಶ್ರುತಿ ಹಿಡಿದು ಬರುವವನ
ಮನೆಯ ಪಿಯಾನೋ ಹಾಗೆಯೇ ಇರುತ್ತದೆ.

ಮೊದಲ ರಾತ್ರಿ ನಾನು ಹೆಬ್ಬೆರಳ ಮೇಲೆ ನಡೆದೆ.
ಕಾಲು ಸುಟ್ಟ ಬೆಕ್ಕಿನ ಹಾಗೆ ಅನ್ನುತ್ತಾರಲ್ಲ,
ಬೆಕ್ಕುಗಳು ಅಲುಗಾಡಲಿಲ್ಲ,
ಅಡುಗೆಮನೆಗೂ ಕೋಣೆಗೂ ಅಲೆದವನು ನಾನು.
ಚಮಚ ಬಿದ್ದರೆ ನನ್ನ ಎದೆಯೇ ಡಬ್ಬೆಂದಿತು.

ಎರಡನೆಯ ದಿನ ಬಟ್ಟಲು ಮುಟ್ಟಿರಲಿಲ್ಲ.
ಮೂರನೆಯ ದಿನ ನಾನಲ್ಲಿ ಇಲ್ಲದಾಗ ಖಾಲಿಯಾಗಿತ್ತು.
ಕಣ್ಣು ಮುಚ್ಚಿ ಕುಡಿದರೆ ಲೋಕಕ್ಕೆ ಕಾಣದೆಂದು
ಬೆಕ್ಕು ತಿಳಿಯುತ್ತದಂತೆ.
ನಮ್ಮಲ್ಲಿ ತಿರುಗಾಮುರುಗಾ:
ನಾನು ಗೋಡೆಗೊರಗಿ ಕಣ್ಣು ಮುಚ್ಚಿದೆ,
ಅವು ತಿಂದವು.
ಸಣ್ಣ ಹಲ್ಲಿನ ಸದ್ದು.
ಇಷ್ಟು ಸಣ್ಣ ಸದ್ದಿಗೆ ಕಿವಿಗೊಟ್ಟು ಎಷ್ಟು ಕಾಲವಾಗಿತ್ತು.

ದನಿ ಪರಿಚಯವಾಗಲಿ, ಮಾತಾಡು, ಎಂದಳು ಎತೇರಿ.
ಒಬ್ಬನೇ ಏನು ಮಾತಾಡಲಿ?
ನೆಲದ ಮೇಲೆ ಮಲಗಿ ಗಿರಾಕಿಗಳ ಪುಸ್ತಕ ಓದಿದೆ:
"ಮಾಕ್ವಾಲಾ, ಸೇತುವೆಯ ಪಕ್ಕ, ಮೇಲಿನ ಎರಡು ತಂತಿ ಹೋಗಿವೆ.
ಸಂಗೀತ ಶಾಲೆ, ಕಳೆದ ವರ್ಷದ ದುಡ್ಡೇ ಬಾಕಿ.
ಮದುವೆ ಮಂಟಪ, ಒಳಗೆ ವೈನ್ ಚೆಲ್ಲಿದ್ದಾರೆ, ಎರಡನೆಯ ಸಲ.
ತ್ಸಿಯಾಲಾ, ನುಡಿಸುವುದಿಲ್ಲ,
ಆದರೂ ಪ್ರತಿ ವಸಂತಕ್ಕೆ ಕರೆಯುತ್ತಾಳೆ."
ಪೆಡಲಿನ ಹಿಂದೆ ನಾಲ್ಕು ಕಣ್ಣು.
ಬಾಕಿ ದುಡ್ಡಿನ ವಿಷಯಕ್ಕೆ
ನನಗಿಂತ ಹೆಚ್ಚು ಗಮನ ಕೊಟ್ಟಂತಿತ್ತು.

ದಿನಕ್ಕೊಂದು ಗೇಣು ಬಟ್ಟಲನ್ನು ನನ್ನ ಕಡೆ ಎಳೆದೆ.
ಏಳನೆಯ ಗೇಣಿಗೆ ಅವು ನಿಂತವು.
ನಾನೂ ನಿಂತೆ.
ಮರುದಿನ ಅರ್ಧ ಗೇಣು ಹಿಂದಕ್ಕೆ ಸರಿಸಿದೆ.
ತಂತಿಯೂ ಹೀಗೇ: ಒಂದೇ ಬಿಗಿತಕ್ಕೆ ಎಳೆದರೆ ಕಡಿಯುತ್ತದೆ,
ಸ್ವಲ್ಪ ಮೇಲೇರಿಸಿ, ಸ್ವಲ್ಪ ಇಳಿಸಿ, ಕಾಯಬೇಕು.
ಈ ಉಪಾಯ ನನಗೆ ನಲವತ್ತು ವರ್ಷದಿಂದ ಗೊತ್ತು,
ಮರದ ಮೇಲೆ, ಉಕ್ಕಿನ ಮೇಲೆ.

ಒಂದು ಸ್ವರಕ್ಕೆ ಮೂರು ತಂತಿ.
ಒಂದರ ಬದಿಗೆ ಫೆಲ್ಟ್ ಚೂರು ಸಿಕ್ಕಿಸಿ, ಸುಮ್ಮನಾಗಿಸಿ,
ಉಳಿದೆರಡನ್ನು ಕೂಡಿಸುತ್ತೇವೆ.
ಇನ್ನೂ ಕೂಡಿಲ್ಲವೆಂದರೆ ಅವುಗಳ ನಡುವೆ ಒಂದು ಅಲೆ ಕೇಳುತ್ತದೆ,
ವೊಂವ್, ವೊಂವ್, ನೀರಿನಲ್ಲಿ ದೋಣಿ ತೂಗುವ ಹಾಗೆ.
ಕೂಡುತ್ತಾ ಬಂದಂತೆ ಅಲೆ ಉದ್ದವಾಗುತ್ತದೆ,
ಕೊನೆಗೆ ನಿಲ್ಲುತ್ತದೆ.
ನಿಂತ ಮೇಲೆ ದುಡ್ಡು ಕೇಳುತ್ತೇನೆ.

ಹನ್ನೊಂದನೆಯ ಸಂಜೆ ಸಂಗೀತ ಶಾಲೆಯಿಂದ ಬಂದು
ಚೀಲ ನೆಲಕ್ಕಿಟ್ಟು, ಶೂ ಬಿಚ್ಚದೆ, ಹಾಗೇ ನಿದ್ದೆ ಹೋದೆ.
ಎಚ್ಚರವಾದಾಗ ಕತ್ತಲೆ.
ಚೀಲದೊಳಗಿನಿಂದ ಏನೋ ಗುರುಗುಡುತ್ತಿತ್ತು.
ಸುತ್ತಿಗೆ, ಕೀಲಿ, ಶ್ರುತಿಕವೆಯ ಮೇಲೆ
ಬೇರೆಯವರ ಮನೆಗಳ ಧೂಳಿನ ಮೇಲೆ
ಎರಡೂ ಒಂದರೊಳಗೊಂದು ಮಡಚಿ ಮಲಗಿದ್ದವು.
ಒಂದರದು ತುಸು ತಗ್ಗು, ಇನ್ನೊಂದರದು ತುಸು ಮೇಲು.
ನಡುವೆ ಅದೇ ಅಲೆ.
ವೊಂವ್, ವೊಂವ್.

ಕೈ ತಾನಾಗಿ ಕೀಲಿಗೆ ಹೋಗುವ ಕೈ.
ಹೋಗಲಿಲ್ಲ.

ಬೆಳಿಗ್ಗೆ ಎತೇರಿ ಬ್ರೆಡ್ ಕೊಡುವ ನೆವದಲ್ಲಿ ಮೇಲೆ ಬಂದು
ಹೆಸರೇನಿಟ್ಟೆ ಎಂದು ಕೇಳಿದಳು.
ಇಟ್ಟಿಲ್ಲ.
ಹಲಗೆಯನ್ನೂ ಹಾಕಿಲ್ಲ,
ತಿರುಪುಗಳು ನಾಲ್ಕೂ ಕೋಟಿನ ಜೇಬಿನಲ್ಲೇ ಇವೆ,
ನಡೆಯುವಾಗ ಸದ್ದು ಮಾಡುತ್ತವೆ.
ಆ ಸದ್ದಿಗೀಗ ಅವು ಬಾಗಿಲಿಗೆ ಓಡಿಬರುತ್ತವೆ.