ಲಾರಿ

ಗಾಂಧಿ ಚೌಕಿನ ಹಿಂದ, ಛತ್ರಿ ರಿಪೇರಿಯವನ ಬಾಜೂಕ
ಸ್ಟೂಲಿನ ಮ್ಯಾಲೊಂದು ಗಾಜು. ಗಾಜಿನ ಕೆಳಗ
ಹರಕು ನೋಟುಗಳ ಸಂತಿ:
ಇಲಿ ಕಡಿದ ನೂರು, ಸಬಕಾರ ಕುಡಿದ ಇಪ್ಪತ್ತು,
ಅರ್ಧ ಸುಟ್ಟ ಐದುನೂರು.
ಮೀರಾಸಾಬ ತಾಳಿಕೋಟಿ ಬೆರಳಿಗೆ ಉಗುಳು ಹಚ್ಚಿಕೊಂಡು
ಊರವರ ಹಾನಿ ಎಣಿಸುತ್ತಾನ.

ಬೆನ್ನಿನ ಚೀಲ ಇಳಿಸಿದೆ, ಎಂಟು ತಿಂಗಳ ಧೂಳು.
ಒಳಜೇಬಿನಿಂದ ತೆಗೆದಿಟ್ಟೆ
ಟೇಪು ಹಚ್ಚಿದ ಐದರ ನೋಟು.
"ಯಾವ ದೇಶದ್ದವ್ವಾ?"
"ಜಾರ್ಜಿಯಾ."
"ರೊಕ್ಕಕ್ಕ ಏನಂತಾರ?"
"ಲಾರಿ."
ಅಂವ ತಿರುಗಿ ನೋಡಿದ. ಸೊಲ್ಲಾಪುರದ ಕಡೆ
ಉಳ್ಳಾಗಡ್ಡಿ ಹೇರಿಕೊಂಡು ಒಂದು ಹೊಂಟಿತ್ತು,
ಹಾರ್ನ್ ಬ್ಯಾರೆ ಹೊಡೀತು.
"ಐದು ಲಾರಿ ಇಟಗೊಂಡಾಕಿ
ನನ್ನ ಹತ್ರ ಯಾಕ ಬಂದಿ?"

ಹೇಳಿದೆ: ಸದಾಖ್ಲೋ ಅಂತೊಂದು ಗಡಿ. ಸಂಜಿ.
ಬ್ಯಾಂಕಿನ ಕಿಟಕಿ ಮುಚ್ಚಿತ್ತು. ಕೈಯಾಗ ಆಚೆ ಕಡೆಯ ದ್ರಾಮು
(ಬಾಗೇವಾಡಿ ಸಾಲಿಯ ಮಾಸ್ತರು ಶಾಸನ ಓದಿಸುತ್ತ
"ದ್ರಮ್ಮ ಅಂದ್ರ ರೊಕ್ಕ, ಡ್ರಮ್ಮಲ್ಲ ಕೋತಿ!"
ಅಂದದ್ದು ಅಲ್ಲಿ ನೆನಪಾಗಬೇಕೇನು).
ಟೊಮ್ಯಾಟೊ ಮಾರುವಾಕಿ ಕೈ ಮಾಡಿ ಕರೆದಳು.
ಕ್ಯಾಲ್ಕುಲೇಟರಿನ ಮ್ಯಾಲೆ ಅಕಿ ಒಂದು ಅಂಕಿ ಒತ್ತಿದಳು,
ನಾನೊಂದು, ಮತ್ತ ಅಕಿ.
ಭಾಷೆ ಅಷ್ಟ.
ಮೂರು ಸಲ ನನ್ನ ಕಣ್ಣ ಮುಂದ ಎಣಿಸಿದಳು,
ನಾಲ್ಕನೇ ಸಲ ಕೈಗೆ ಇಟ್ಟಳು,
ಮ್ಯಾಲೊಂದು ಟೊಮ್ಯಾಟೊ.
ವ್ಯಾನಿನಾಗ ಕುಂತು ನೋಡಿದರ
ಇಪ್ಪತ್ತರವು ಎರಡು ಕಡಿಮಿ, ಇದೊಂದು ಹರಕು.
ಟೊಮ್ಯಾಟೊ ಮಾತ್ರ, ಸುಳ್ಳು ಯಾಕ ಹೇಳಲಿ,
ಭಾಳ ಸಿಹಿ.

ಮೀರಾಸಾಬ ಗಲ್ಲಾದಿಂದ ಹತ್ತರ ನೋಟು ತಗೊಂಡ,
ಒಂದನ್ನ ನಡುವ ಮಡಚಿ ಕಟ್ಟಿನೊಳಗ ಸೇರಿಸಿ
ಪರಪರ ಎಣಿಸಿದ. ಹತ್ತು.
ಬಿಚ್ಚಿ ತೋರಿಸಿದ. ಒಂಬತ್ತು.
"ಕೈ ಗುರುತು ಸಿಕ್ತೇನು?"

ಆಮ್ಯಾಲೆ ತನ್ನದು ತೆಗೆದ.
"ನವಬಾಗದಾಗ ಪಾಯಾ ತೋಡುವಾಗ,
ನನಗ ಹನ್ನೊಂದೋ ಹನ್ನೆರಡೋ,
ಮಣ್ಣಾಗೊಂದು ತಂತಿ ಸಿಕ್ತು. ಬೆಳ್ಳೀದು.
ನಡುವ ಬಗ್ಗಿಸಿದ್ದು, ಮೀನಿನ ಗಾಳ ಇದ್ದಂಗ,
ಮ್ಯಾಲೆ ಏನೋ ಅಕ್ಷರ ಬಡದಿದ್ರು.
ಪತ್ತಾರ ನಾಕು ರೂಪಾಯಿ ಕೊಟ್ಟ,
ನನ್ನ ಮುಂದನ ಕರಗಿಸಿದ.
ನಾ ಕುಣಕೋತ ಮನಿಗೆ ಹೋದೆ.
ಮೂವತ್ತು ವರ್ಷದ ಮ್ಯಾಲೆ
ಹಳೆ ನಾಣ್ಯ ಕೊಳ್ಳಾಂವ ಒಬ್ಬ ಹೇಳಿದ,
ಆದಿಲ್‌ಶಾಹಿ ದುಡ್ಡಂತ ಅದು. ಸಮುದ್ರ ದಾಟತಿತ್ತಂತ,
ಎಲ್ಲಿ ಹೋದರೂ ನಡೀತಿತ್ತಂತ.
ಹೆಸರು ಗೊತ್ತೇನು?"

ನನಗ ಗೊತ್ತಿರಲಿಲ್ಲ.
ಅಂವ ಬಾಯಿ ಬಿಟ್ಟು ಹೇಳಲಿಲ್ಲ,
ನನ್ನ ನೋಟಿನ ಮ್ಯಾಲೆ ಬೆರಳಿಟ್ಟ.

ಮತ್ತ ಗಾಜು ಎತ್ತಿ
ಸುಟ್ಟ ಐದುನೂರರ ಮಗ್ಗಲಿಗೆ ಅದನ್ನ ಮಲಗಿಸಿದ.
ಎರಡೆರಡರ ಎರಡು ನಾಣ್ಯ
ನನ್ನ ಅಂಗೈಗೆ ಒತ್ತಿ
"ಇದ ರೇಟು" ಅಂದ.

ಎಣಿಸಿಕೊಂಡೆ, ರೂಢಿ ನೋಡ್ರಿ.
ಸರಿ ಇತ್ತು.