ಮೋರೆ ಕೊಟ್ಟರೆ ಕಿವುಡು

ಮೊದಲು ಇದ್ದದ್ದು ಟ್ರಾನ್ಸಿಸ್ಟರಿನ ಹೊಟ್ಟೆಯೊಳಗಿನ
ಕಪ್ಪು ಕಡ್ಡಿ ಮಾತ್ರ.
ಕಿರುಬೆರಳಿನ ದಪ್ಪ, ಬಿದ್ದರೆ ಎರಡು ತುಂಡು.
ಅದನ್ನೇ ಹಿಡಿದು ಶಿರಿಯದ ಅಳಿವೆ ತನಕ ನಡೆದೆ.
ದೂರದ ಸ್ವರ ಬಂತು,
ಕಾಲ್ಬೆರಳು ನೆನೆಯುವ ಮೊದಲೇ ಹಿಂದೆ ಸರಿದ
ಅಲೆಯ ಹಾಗೆ.

ಆಮೇಲೆ ತಂತಿ.
ನಮ್ಮ ಐಸ್ ಪ್ಲಾಂಟಿನ ಸುಟ್ಟ ಮೋಟರಿನಿಂದ ಬಿಚ್ಚಿದ್ದು,
ಎಂಬತ್ತು ಮೀಟರ್.
ಮೂರ್ತೆಯ ಕುಂಞಂಬು ಸಂಜೆ ತೆಂಗು ಹತ್ತುವಾಗ
ಒಂದು ತುದಿ ಅವನ ಸೊಂಟಕ್ಕೆ ಕಟ್ಟಿದೆ.
"ಇದರಲ್ಲಿ ಎಂತ ಬರ್ತದೆ?" ಮೇಲಿಂದ ಕೇಳಿದ.
"ಬಂದದ್ದು ಬರ್ತದೆ ಮಾರಾಯ."

ಬಂದದ್ದೆಲ್ಲ ಬಂತು.
ಮಂಗಳೂರು ಬಂತು, ಕೋಯಿಕ್ಕೋಡು ಬಂತು,
ರೈಲಿನ ಕರೆಂಟು ತಂತಿಯ ಗುಂಯ್, ಯಾರದೋ ಇನ್ವರ್ಟರು,
ಎಲ್ಲಕ್ಕಿಂತ ಜೋರು,
ಹಗಲು ನಾನೇ ಎಣ್ಣೆ ಬಿಟ್ಟು ಬಂದ ಕಂಪ್ರೆಸರು.
ಉದ್ದ ತಂತಿಗೆ ಕಿವಿ ಉಂಟು, ಆಯ್ಕೆ ಇಲ್ಲ.
ಮದುವೆಗೆ ಹೋಗಿ ಬಂದ ಅತ್ತೆ,
ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಾಳೆ.

ಎರಡೇ ತಿಂಗಳಿಗೆ ಉಪ್ಪುಗಾಳಿ ಅದನ್ನು ಹಸಿರು ಮಾಡಿತು.
ಪಕ್ಕದ ಬೀಫಾತುಮ್ಮ ಒಂದು ತುದಿಯಲ್ಲಿ
ಟವೆಲು ಒಣಗಿಸತೊಡಗಿದಳು. ನಾನೂ ಸುಮ್ಮನಾದೆ.
ಹೊಯಿಗೆಯಲ್ಲಿ ಹೂತ ತಗಡನ್ನು ಮಾತ್ರ ಬಿಟ್ಟುಕೊಟ್ಟಿಲ್ಲ:
ಏರುನೀರು ಬಂದು ಅದನ್ನು ಒದ್ದೆ ಮಾಡಿದರೆ
ಗದ್ದಲ ಒಂದು ಮೆಟ್ಟಿಲು ಇಳಿಯುತ್ತದೆ.
ಅಷ್ಟು, ಸಮುದ್ರದ ಪುಕ್ಕಟೆ.

ಈ ಮಳೆಗಾಲ ಕೂತು ಚೌಕಟ್ಟು ಮಾಡಿದೆ.
ಮೀನಿನ ಪೆಟ್ಟಿಗೆಯ ಹಲಗೆ ಎರಡು, ಗಾಳಿಪಟದ ಎಲುಬಿನಂತೆ ಅಡ್ಡಡ್ಡ;
ಅಂಚಿಗೆ ತಂತಿ, ಹದಿನಾಲ್ಕು ಸುತ್ತು;
ಹಳೆ ವಾಲ್ವ್ ಸೆಟ್ಟಿನ ಕಂಡೆನ್ಸರು ಒಂದು.
ಇದರ ಗುಣ ಬೇರೆ.
ಎದುರು ನಿಂತು ಕೂಗಿದವರ ಮಾತು ಇದಕ್ಕೆ ಕೇಳಿಸದು.
ಮೋರೆ ಕೊಟ್ಟರೆ ಕಿವುಡು,
ಅಂಚು ಯಾರ ಕಡೆಗೋ ಅವರದಷ್ಟೇ.

ನಮ್ಮ ಊರು ಬಡಗು ತೆಂಕು ಹಿಡಿದೆಳೆದ ಹಗ್ಗ.
ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಒಂದು ಲಿಪಿ,
ಬಾಗಿಲ ಮೇಲೆ ಇನ್ನೊಂದು,
ಮನೆಯೊಳಗಿನ ತುಳುವಿಗೆ ಎರಡೂ ಬೇಡ.
ಬೆಳಿಗ್ಗೆ ಆರಕ್ಕೆ, ಕರೆಂಟು ಹೋದ ಪುಣ್ಯದ ಹೊತ್ತು,
ಚೌಕಟ್ಟನ್ನು ಮೆಲ್ಲ ತಿರುಗಿಸಿದೆ:
ಮೋರೆ ಮಂಗಳೂರಿಗೆ, ಬೆನ್ನು ಕೋಯಿಕ್ಕೋಡಿಗೆ.
ಇನ್ನೂ ಕೂದಲೆಳೆಯಷ್ಟು.
ಎರಡೂ ಒಟ್ಟಿಗೇ ತಗ್ಗಿದವು.

ಬೈದ ಹಾಗಾಯಿತು ಒಂದು ಕ್ಷಣ, ಇಬ್ಬರನ್ನೂ.

ಆಮೇಲೆ ಪಡುವಣದ ಅಂಚಿನಿಂದ,
ಇನ್ನೂ ಬೆಳಕಾಗದ ನೀರಿನ ಮೇಲೆ
ಒಬ್ಬ ಗಂಡಸು ಮಾತಾಡಿದ.
ಪಕ್ಕದ ಮನೆಯಲ್ಲಿ ಕೂತ ಹಾಗೆ, ಗಂಟಲು ಕೂಡ ಸರಿಪಡಿಸಿಕೊಂಡ.
ಒಂದು ಶಬ್ದ ಅರ್ಥವಾಗಲಿಲ್ಲ.

ಬೀಫಾತುಮ್ಮ ಬಕೆಟು ಕೆಳಗಿಟ್ಟು ಬಗ್ಗಿದಳು.
"ಅರಬಿ ಅಲ್ಲ ಇದು."
ಸ್ವಲ್ಪ ತಡೆದು: "ಕ್ರಯ ಹೇಳುವುದು.
ಕೊನೆಯನ್ನು ಎಳೆಯುವುದು ನೋಡು, ಏಲದವರ ಹಾಗೆ.
ಮೀನಿನದೇ."
ನಲವತ್ತು ವರ್ಷ ದಕ್ಕೆಯಲ್ಲಿ ಬುಟ್ಟಿ ಇಳಿಸಿದವಳು,
ನಾನು ಎದುರಾಡಲಿಲ್ಲ.

ಮೂಡಲಲ್ಲಿ ಬಿಸಿಲು ತೆಂಗಿನ ತಲೆಗೆ ತಾಗಿತು.
ಸ್ವರ ತೆಳುವಾಯಿತು, ಹೊಯಿಗೆಯಾಯಿತು.
ಕರೆಂಟೂ ಬಂತು. ನನಗೆ ಪಾಳಿಯ ಹೊತ್ತು,
ಕಂಪ್ರೆಸರು ಚಾಲೂ ಮಾಡಬೇಕು.

ಆಚೆ ದಡದಲ್ಲಿ ಇವತ್ತು ಬಂಗುಡೆಗೆ ಎಷ್ಟೋ,
ಗೊತ್ತಾಗಲಿಲ್ಲ.
ಅವಳು ಹಸಿರು ತಂತಿಯ ಮೇಲೆ
ಒದ್ದೆ ಟವೆಲು ಕೊಡವಿ ಹಾಕಿದಳು.