ಬೋಲೆಯಲ್ಲಿ ಏಳು ಗಂಟೆ

ಬೋಲೆ ವಿಮಾನ ನಿಲ್ದಾಣದ ಪಾಳಿಪಟ್ಟಿಯಲ್ಲಿ
ಯೆಶಿ ಬರೆದಿದ್ದಳು: ಏಳು ಗಂಟೆ, ಡೆಜೆನೆ, ನಾಲ್ಕನೇ ಬೆಲ್ಟು.
ಅವನು ಬಂದ, ಹೊತ್ತಿಗೆ ಸರಿಯಾಗಿ,
ಮಧ್ಯಾಹ್ನದ ಬಿಸಿಲು ನೆತ್ತಿಗಿಟ್ಟುಕೊಂಡು.

ಅಡಿಸ್ ಅಬಾಬಾದಲ್ಲಿ ಗಂಟೆಯ ಲೆಕ್ಕ ಶುರುವಾಗುವುದು
ಸೂರ್ಯ ಕಂಡಮೇಲೆ; ಬೆಳಗಿನ ಏಳೆಂದರೆ ಒಂದು,
ಯೆಶಿಯ ಅಮ್ಮನಿಗೂ.
ವಿಮಾನಗಳದ್ದು ಬೇರೆ ಗಡಿಯಾರ.

ಅಷ್ಟರಲ್ಲಿ ಲಾಗೋಸಿನ ವಿಮಾನದ ಹೊಟ್ಟೆ ಬರಿದು ಮಾಡುತ್ತ
ಇಬ್ಬರು ಮೂವರ ಬೆವರು ಸುರಿಸಿದ್ದರು.
ಕಂಪ್ಯೂಟರು ಹೇಳಿತು: ಹನ್ನೊಂದು ನಿಮಿಷ ನಷ್ಟ.
ಬುಧವಾರದ ಉಪವಾಸವನ್ನು ಅದು ಕೇಳಲಿಲ್ಲ.

ಮುಂದಿನ ವಾರ ಹಾಳೆಯ ಮೇಲೆ ಪೆನ್ಸಿಲಿನ ಸೂರ್ಯ,
ರಾತ್ರಿಯವರ ಹೆಸರಿಗೆ ಅರ್ಧಚಂದ್ರ —
ಕತ್ತು ಹಿಡಿದು ದಬ್ಬುವುದಲ್ಲ, ಒಳಗೆ ಕರೆಯುವುದು.
ಡೆಜೆನೆ ಬಹಳ ಹೊತ್ತು ನೋಡಿದ:
“ಅರ್ಧ ಅಂದರೆ, ಸಂಬಳವೂ ಅರ್ಧವಾ?”